ಮೂತ್ರದ ಬಿಳಿ ಕಣಗಳು ಮತ್ತು ತಂಬಾಕಿನ ಸೀಮೆ

ನಿಪ್ಪಾಣಿಯ ಯಾವುದೇ ಲ್ಯಾಬಿನ ಮೂತ್ರದ ರಿಪೋರ್ಟಿನಲ್ಲಿ ‘ಪಸ್ ಸೆಲ್ಸ್’ ಎಂಬ ಸಾಲು ಇದ್ದೇ ಇರುತ್ತದೆ. ಅದರ ಮುಂದೆ 2–3 ಎಂದಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. 15–20 ಎಂದಿದ್ದರೆ ‘ಇನ್‌ಫೆಕ್ಷನ್ ಆಗೇತಿ’ ಎಂಬ ತೀರ್ಮಾನ ಅಲ್ಲೇ ಆಗಿಬಿಡುತ್ತದೆ, ಐದು ದಿನದ ಗುಳಿಗೆಯೂ ಬರುತ್ತದೆ. ಬಹಳಷ್ಟು ಸಲ ಆ ತೀರ್ಮಾನ ಸರಿಯಾಗಿಯೇ ಇರುತ್ತದೆ. ಆದರೆ ಐವತ್ತು ದಾಟಿದ, ಮೂವತ್ತು ವರ್ಷ ಬೀಡಿ ಸೇದಿದ, ಒಂದೆರಡು ಸಲ ಮೂತ್ರ ಕೆಂಪಗೆ ಹೋಗಿದ್ದನ್ನು ಕಂಡ ಮನುಷ್ಯನ ಕೈಯಲ್ಲಿ ಅದೇ ರಿಪೋರ್ಟ್ ಇದ್ದಾಗ ಅದೇ ತೀರ್ಮಾನ ಆತನ ಜೀವಕ್ಕೇ ಎರವಾಗಬಹುದು. ಭೋಜ, ನಿಪ್ಪಾಣಿ, ಚಿಕ್ಕೋಡಿಯ ಈ ತಂಬಾಕಿನ ಸೀಮೆಯಲ್ಲಿ ನಿಂತು ಈ ಸಾಲನ್ನು ಹೇಗೆ ಓದಬೇಕು ಎಂಬುದೇ ಈ ಲೇಖನದ ವಿಷಯ.

ಲ್ಯಾಬಿನವರು ಎಣಿಸುವುದು ಹೀಗೆ. ಡಬ್ಬಿಯ ಮೂತ್ರದಿಂದ ಸುಮಾರು ಹತ್ತು ಮಿಲಿಲೀಟರ್ ಕೊಳವೆಗೆ ಸುರಿದು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಐದು ನಿಮಿಷ ತಿರುಗಿಸುತ್ತಾರೆ. ಮೇಲಿನ ನೀರು ಚೆಲ್ಲಿ, ತಳದಲ್ಲಿ ಉಳಿದ ಗಸಿಯ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನಾನೂರು ಪಟ್ಟು ದೊಡ್ಡದು ಮಾಡಿ ನೋಡುತ್ತಾರೆ. ಒಂದು ನೋಟಕ್ಕೆ ಎಷ್ಟು ದುಂಡು ಕಣ ಕಂಡವೋ ಅದೇ ಸಂಖ್ಯೆ. ಹೀಗೆ ಎಣಿಕೆಗೆ ಸಿಗುವವು ನಮ್ಮದೇ ಬಿಳಿ ರಕ್ತಕಣಗಳು, ಹೆಚ್ಚಾಗಿ ನ್ಯೂಟ್ರೋಫಿಲ್‌ಗಳು. ಎಲ್ಲಿ ಕೆರಳಿಕೆ ಇದೆಯೋ ಅಲ್ಲಿಗೆ ರಕ್ತನಾಳದಿಂದ ನುಸುಳಿ ಓಡಿಬರುವ ರೋಗನಿರೋಧಕ ಕಣಗಳವು. ಕೆರಳಿಸಿದ್ದು ಬ್ಯಾಕ್ಟೀರಿಯಾ ಇರಬಹುದು, ಕಲ್ಲಿರಬಹುದು, ಕಿಡ್ನಿಯ ಕ್ಷಯ ಇರಬಹುದು, ಮೂತ್ರಕೋಶದ ಒಳಗೋಡೆಯಲ್ಲಿ ಬೆಳೆಯುತ್ತಿರುವ ಗಡ್ಡೆಯೂ ಇರಬಹುದು. ಯಾರ ಮೇಲೆ ಏರಿ ಬಂದವು ಎಂಬುದು ಆ ಸಂಖ್ಯೆಯಿಂದ ಗೊತ್ತಾಗುವುದಿಲ್ಲ.

ಈ ಮಾತು ನಮ್ಮ ಸೀಮೆಗೇ ಯಾಕೆ ಹೆಚ್ಚು ತಾಗುತ್ತದೆ ಎಂದರೆ, ಇದು ಬೀಡಿ ತಂಬಾಕಿನ ನೆಲ. ನಿಪ್ಪಾಣಿಯ ವಖಾರಗಳಲ್ಲಿ ಜರ್ದಾ ಕುಟ್ಟಿ, ಜರಡಿ ಹಿಡಿದ ಹೆಂಗಸರ ಸಂಘಟನೆಯ ಮೇಲೆ ‘ಯುಗಾಂತರ್’ ಎಂಬ ಸಿನಿಮಾ ಬಳಗ 1982ರಲ್ಲಿ ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಚಿತ್ರ ಮಾಡಿತು. ಅದಕ್ಕೆ ಒಂದು ವರ್ಷ ಮುಂಚೆ, 1981ರಲ್ಲಿ, ತಂಬಾಕಿಗೆ ನ್ಯಾಯವಾದ ದರ ಬೇಕೆಂದು ಶರದ್ ಜೋಶಿಯವರ ಮುಂದಾಳತ್ವದಲ್ಲಿ ರೈತರು ಪುಣೆ–ಬೆಂಗಳೂರು ಹೆದ್ದಾರಿಯಲ್ಲೇ ಕುಳಿತರು. ಆ ಏಪ್ರಿಲ್‌ನಲ್ಲಿ ಗೋಲಿಬಾರ್ ಆಗಿ ರೈತರ ಪ್ರಾಣ ಹೋಯಿತು. ತಂಬಾಕಿನ ದರದ ಬಗ್ಗೆ, ಕೂಲಿಯ ಬಗ್ಗೆ ಇಷ್ಟು ದೊಡ್ಡ ದನಿಯಲ್ಲಿ ಮಾತಾಡಿದ ಊರುಗಳು ತಂಬಾಕಿನ ಹೊಗೆ ದೇಹದೊಳಗೆ ಎಲ್ಲೆಲ್ಲಿ ಹೋಗಿ ಕೂಡುತ್ತದೆ ಎಂಬುದರ ಬಗ್ಗೆ ಅಷ್ಟು ಮಾತಾಡಿಲ್ಲ. ಬಾಯಿ, ಗಂಟಲು, ಶ್ವಾಸಕೋಶ, ಇವು ಎಲ್ಲರಿಗೂ ಗೊತ್ತು. ಮೂತ್ರಕೋಶದ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ.

ಆದರೆ ಲೆಕ್ಕ ನೋಡಿ. ಜಗತ್ತಿನಲ್ಲಿ ವರ್ಷಕ್ಕೆ 6 ಲಕ್ಷಕ್ಕೂ ಹೆಚ್ಚು ಜನರಿಗೆ ಹೊಸದಾಗಿ ಮೂತ್ರಕೋಶದ ಕ್ಯಾನ್ಸರ್ ಪತ್ತೆಯಾಗುತ್ತದೆ. ಅವರಲ್ಲಿ ಗಂಡಸರೇ ಬಹುಪಾಲು. ಅಮೆರಿಕದಲ್ಲಿ 2011ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಅಲ್ಲಿನ ಸುಮಾರು ಅರ್ಧದಷ್ಟು ಪ್ರಕರಣಗಳಿಗೆ ಧೂಮಪಾನವೇ ಕಾರಣ ಎಂದು ತೋರಿಸಿತು. ದಾರಿಯೂ ಸ್ಪಷ್ಟವಾಗಿದೆ. ತಂಬಾಕಿನ ಹೊಗೆಯಲ್ಲಿ ಅರೊಮ್ಯಾಟಿಕ್ ಅಮೈನ್ ಎಂಬ ರಾಸಾಯನಿಕಗಳಿವೆ. ಅವು ಶ್ವಾಸಕೋಶದಿಂದ ರಕ್ತಕ್ಕೆ, ರಕ್ತದಿಂದ ಕಿಡ್ನಿಗೆ, ಕಿಡ್ನಿಯಿಂದ ಮೂತ್ರಕ್ಕೆ ಇಳಿದು, ಮೂತ್ರಕೋಶ ತುಂಬಿ ಖಾಲಿಯಾಗುವತನಕ ಗಂಟೆಗಟ್ಟಲೆ ಅದರ ಒಳಗೋಡೆಯನ್ನು ತೋಯಿಸುತ್ತವೆ. 1895ರಲ್ಲಿ ಫ್ರಾಂಕ್‌ಫರ್ಟಿನ ಶಸ್ತ್ರವೈದ್ಯ ಲುಡ್ವಿಗ್ ರೇನ್ ಬಣ್ಣದ ಕಾರ್ಖಾನೆಯ ಕೆಲಸಗಾರರ ಮೂತ್ರಕೋಶದಲ್ಲಿ ಗಡ್ಡೆಗಳನ್ನು ಕಂಡು ಎಚ್ಚರಿಸಿದ್ದು ಇದೇ ಜಾತಿಯ ರಾಸಾಯನಿಕಗಳ ಬಗ್ಗೆ. ಬೀಡಿಯ ಹೊಗೆಯೂ ತಂಬಾಕಿನ ಹೊಗೆಯೇ. ಎಲೆ ಸುತ್ತಿದ ಮಾತ್ರಕ್ಕೆ ಅದು ಸೌಮ್ಯವಾಗುವುದಿಲ್ಲ.

ಈ ರೋಗದ ಮೊದಲ ಸುಳಿವು ಹೆಚ್ಚಿನವರಲ್ಲಿ ನೋವಿಲ್ಲದ ರಕ್ತ. ಒಂದು ದಿನ ಮೂತ್ರ ಕೆಂಪಗೆ ಹೋಗುತ್ತದೆ, ಮರುದಿನ ತಿಳಿಯಾಗುತ್ತದೆ. ‘ಉಷ್ಣ ಆಗೇತಿ, ಎಳನೀರ ಕುಡಿ’ ಎಂದು ಮನೆಯವರು ಹೇಳುತ್ತಾರೆ, ಕುಡಿಯುತ್ತಾರೆ, ರಕ್ತ ತಾನಾಗಿಯೇ ನಿಂತಿದ್ದನ್ನು ಎಳನೀರಿನ ಲೆಕ್ಕಕ್ಕೆ ಬರೆಯುತ್ತಾರೆ. ಮತ್ತೆ ಕಂಡಾಗ ಲ್ಯಾಬು, ಪಸ್ ಸೆಲ್ಸ್, ಗುಳಿಗೆ. ಗುಳಿಗೆಯ ಕೋರ್ಸ್ ಮುಗಿಯುವ ಹೊತ್ತಿಗೆ ರಕ್ತ ಮತ್ತೊಮ್ಮೆ ನಿಂತಿರುತ್ತದೆ, ಏಕೆಂದರೆ ಬಂದು ಹೋಗುವುದೇ ಅದರ ಸ್ವಭಾವ. ಗುಳಿಗೆ ಗೆದ್ದಿತು ಎಂಬ ನಂಬಿಕೆ ಗಟ್ಟಿಯಾಗುತ್ತದೆ, ತಿಂಗಳುಗಳು ಜಾರುತ್ತವೆ. ಹೆಂಗಸರ ಪಾಡು ಇನ್ನೂ ಕಷ್ಟ. ಅವರಿಗೆ ಮೂತ್ರದ ಸೋಂಕು ಹೆಚ್ಚಾಗಿ ಆಗುವುದರಿಂದ ಪ್ರತಿ ಸಲವೂ ಸೋಂಕೆಂದೇ ತಿಳಿದು ಚಿಕಿತ್ಸೆ ನಡೆಯುತ್ತದೆ, ಅವರಲ್ಲಿ ಈ ಕ್ಯಾನ್ಸರ್ ತಡವಾಗಿ ಸಿಗುವುದಕ್ಕೆ ಇದೂ ಒಂದು ಕಾರಣ. ಕಲ್ಚರ್ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯದೆ ಪಸ್ ಸೆಲ್ ಮಾತ್ರ ಉಳಿದರೆ ಕ್ಷಯವನ್ನೂ ಕಲ್ಲನ್ನೂ ಗಡ್ಡೆಯನ್ನೂ ಹುಡುಕಲೇಬೇಕು ಎಂಬುದು ವೈದ್ಯಕೀಯದ ಹಳೆಯ ಪಾಠ. ಆದರೆ ಕಲ್ಚರ್‌ಗೆ ಬೇರೆ ದುಡ್ಡು, ಎರಡು ದಿನ ಕಾಯಬೇಕು. ಹಾಗಾಗಿ ಅದನ್ನು ಮಾಡಿಸುವವರೇ ಕಡಿಮೆ.

ಹೀಗಿರುವಾಗ ವಿಜ್ಞಾನದ ಸುದ್ದಿಯೊಂದು ಇದೇ ಬಿಳಿ ಕಣಗಳ ಬಗ್ಗೆ ಬಂದಿದೆ. ಅದರ ಹಿಂದಿನ ಕಥೆ ಸ್ವಲ್ಪ ಹೇಳಬೇಕು. ಮೂತ್ರದಲ್ಲಿ ಕ್ಯಾನ್ಸರನ್ನು ಹುಡುಕುವ ಪ್ರಯತ್ನ ಹೊಸದಲ್ಲ. ಗರ್ಭಕಂಠದ ‘ಪ್ಯಾಪ್’ ಪರೀಕ್ಷೆಗೆ ಹೆಸರು ಕೊಟ್ಟ ಪಪನಿಕೊಲಾವ್, ಮಾರ್ಷಲ್ ಎಂಬವರ ಜೊತೆಗೂಡಿ 1945ರಲ್ಲೇ ಮೂತ್ರದ ಗಸಿಯಲ್ಲಿ ಕ್ಯಾನ್ಸರ್ ಕಣಗಳನ್ನು ಗುರುತಿಸುವ ವಿಧಾನ ಪ್ರಕಟಿಸಿದರು. ಆ ಸೈಟಾಲಜಿ ಪರೀಕ್ಷೆ ಉಗ್ರ ಗಡ್ಡೆಗಳನ್ನು ಚೆನ್ನಾಗಿ ಹಿಡಿಯುತ್ತದೆ, ಸೌಮ್ಯ ಗಡ್ಡೆಗಳನ್ನು ಬಹಳಷ್ಟು ಬಿಟ್ಟುಬಿಡುತ್ತದೆ. ಆ ಕೊರತೆ ತುಂಬಲು ಎನ್‌ಎಂಪಿ-22 ಎಂಬಂಥ ಪ್ರೋಟೀನ್ ಪರೀಕ್ಷೆಗಳು ಬಂದವು. ಅವು ಎಡವಿದ್ದು ನಮ್ಮ ಈ ಬಿಳಿ ಕಣಗಳ ಮೇಲೆಯೇ. ಸೋಂಕು ಅಥವಾ ಕಲ್ಲು ಇದ್ದು ಮೂತ್ರದಲ್ಲಿ ಬಿಳಿ ಕಣ ತುಂಬಿದ್ದರೆ ಕ್ಯಾನ್ಸರ್ ಇಲ್ಲದವರಿಗೂ ‘ಪಾಸಿಟಿವ್’ ಬರುತ್ತಿತ್ತು. ಸೈಟಾಲಜಿ ನೋಡುವವರಿಗೂ ಇವುಗಳ ದಟ್ಟಣೆ ಒಂದು ತೊಡಕೇ, ಕ್ಯಾನ್ಸರ್ ಕಣಗಳು ಅದರ ಹಿಂದೆ ಮರೆಯಾಗುತ್ತವೆ. ಅಂದರೆ ದಶಕಗಳ ಕಾಲ ಕ್ಯಾನ್ಸರ್ ಹುಡುಕುವವರಿಗೆ ರೋಗನಿರೋಧಕ ಕಣಗಳು ಬದಿಗೆ ಸರಿಸಬೇಕಾದ ಅಡ್ಡಿಯಾಗಿದ್ದವು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಈ ನೋಟವನ್ನೇ ತಿರುಗಿಸಿದರು. 2018ರಲ್ಲಿ ಪ್ರಕಟವಾದ ಅವರ ಕೆಲಸದಲ್ಲಿ, ಸ್ನಾಯುಪದರಕ್ಕೆ ಇಳಿದ ಮೂತ್ರಕೋಶದ ಕ್ಯಾನ್ಸರ್ ಇದ್ದ 32 ರೋಗಿಗಳ ಮೂತ್ರದಿಂದ ಲಿಂಫೋಸೈಟ್ ಎಂಬ ಬಗೆಯ ಬಿಳಿ ಕಣಗಳನ್ನು, ಮುಖ್ಯವಾಗಿ ಅವುಗಳಲ್ಲಿನ ಟಿ-ಕಣಗಳನ್ನು, ಬೇರ್ಪಡಿಸಿ ನೋಡಿದರು. ಗಡ್ಡೆಯ ಒಳಗೆ ಯಾವ ಬಗೆಯ ಟಿ-ಕಣಗಳಿದ್ದವೋ, ಅವುಗಳ ಮೇಲೆ ಯಾವ ಗ್ರಾಹಕಗಳಿದ್ದವೋ, ಮೂತ್ರಕ್ಕೆ ಉದುರಿದ ಕಣಗಳಲ್ಲೂ ಬಹುಮಟ್ಟಿಗೆ ಅದೇ ಚಿತ್ರ ಕಂಡಿತು. ಗಡ್ಡೆಯ ತುಣುಕು ಕತ್ತರಿಸದೆ, ಅರಿವಳಿಕೆ ಕೊಡದೆ, ಅದರೊಳಗಿನ ಕಾದಾಟವನ್ನು ಓದಬಹುದು ಎಂಬುದು ಇದರ ಅರ್ಥ. ಮೂತ್ರಕೋಶಕ್ಕೇ ಇರುವ ವಿಶೇಷ ಅನುಕೂಲ ಇದು. ಮೇದೋಜೀರಕದ ಗಡ್ಡೆ ತನ್ನ ಒಳಸುದ್ದಿಯನ್ನು ದಿನಕ್ಕೆ ಆರು ಸಲ ಹೊರಗೆ ಕಳಿಸುವುದಿಲ್ಲ.

ಆ ಅಧ್ಯಯನದ ಇನ್ನೊಂದು ಫಲಿತಾಂಶ ನನ್ನ ವಾದಕ್ಕೆ ಇನ್ನೂ ಮುಖ್ಯ. ಮೂತ್ರದಲ್ಲಿ ರೋಗನಿರೋಧಕ ಕಣ ಹೆಚ್ಚಿದ್ದರೆ ದೇಹ ಚೆನ್ನಾಗಿ ಹೋರಾಡುತ್ತಿದೆ, ರೋಗಿ ಗೆಲ್ಲುತ್ತಾನೆ ಎಂದು ಯಾರಿಗಾದರೂ ಅನಿಸುತ್ತದೆ. ಕಂಡದ್ದು ಉಲ್ಟಾ. ಮೂತ್ರಕೋಶ ತೆಗೆಯುವ ಶಸ್ತ್ರಚಿಕಿತ್ಸೆಯ ಹೊತ್ತಿಗೆ ಮೂತ್ರದಲ್ಲಿ ಲಿಂಫೋಸೈಟ್ ಹೆಚ್ಚಿದ್ದವರಲ್ಲಿ, ಅದರಲ್ಲೂ ಸಿಡಿ-8 ಎಂಬ ಬಗೆಯ ಟಿ-ಕಣಗಳ ಮೇಲೆ ಪಿಡಿ-1 ಎಂಬ ಗ್ರಾಹಕ ದಟ್ಟವಾಗಿದ್ದವರಲ್ಲಿ, ರೋಗ ಬೇಗ ಮರುಕಳಿಸಿತು. ಪಿಡಿ-1 ಟಿ-ಕಣದ ಬ್ರೇಕು. ಬಹುಕಾಲ ಗಡ್ಡೆಯ ಎದುರು ನಿಂತು ಸೋತ ಕಣಗಳ ಮೇಲೆ ಅದು ಹೆಚ್ಚುತ್ತದೆ. ಕಣಗಳು ಅಲ್ಲಿದ್ದವು, ಸಾಕಷ್ಟು ಇದ್ದವು, ಆದರೆ ಬ್ರೇಕು ಬಿದ್ದು ನಿಂತಿದ್ದವು. ಎಣಿಕೆಯೊಂದರಿಂದಲೇ ತೀರ್ಪು ಕೊಡುವುದು ಎಷ್ಟು ಅಪಾಯ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಎಷ್ಟು ಕಣ ಎನ್ನುವುದರ ಜೊತೆಗೆ ಯಾವ ಕಣ, ಯಾವ ಸ್ಥಿತಿಯಲ್ಲಿ, ಯಾವ ರೋಗಿಯಲ್ಲಿ, ಚಿಕಿತ್ಸೆಯ ಯಾವ ಹಂತದಲ್ಲಿ ಎಂದು ಕೇಳಲೇಬೇಕು. 32 ಜನರ ಅಧ್ಯಯನದಿಂದ ನಾಳೆಯೇ ಆಸ್ಪತ್ರೆಯ ನಿಯಮ ಬದಲಾಗುವುದಿಲ್ಲ, ಬದಲಾಗಲೂ ಬಾರದು. ಆದರೆ ದಿಕ್ಕು ಸರಿ ಎಂದು ನಾನು ನಂಬುತ್ತೇನೆ.

ಇಂಥ ಪರೀಕ್ಷೆ ಸಿದ್ಧವಾದ ದಿನ ಯಾರಾದರೂ ಹೇಳಿಯೇ ಹೇಳುತ್ತಾರೆ: ಸೂಜಿ ಬೇಡ, ನೋವಿಲ್ಲ, ಭೋಜದಿಂದ ಕಾಗವಾಡದವರೆಗೆ ಊರೂರಿಗೆ ಶಿಬಿರ ಹಾಕಿ ಎಲ್ಲರ ಮೂತ್ರ ಪರೀಕ್ಷಿಸೋಣ. ಈ ಉತ್ಸಾಹದ ಹಿಂದೆ ಒಳ್ಳೆಯ ಮನಸ್ಸಿದೆ. ಆದರೂ ನಾನು ಅದನ್ನು ವಿರೋಧಿಸುತ್ತೇನೆ. ಲೆಕ್ಕಕ್ಕಾಗಿ ಹತ್ತು ಸಾವಿರ ವಯಸ್ಕರಲ್ಲಿ ಐದು ಮಂದಿಗೆ ಈ ರೋಗ ಇದೆ ಎಂದಿಟ್ಟುಕೊಳ್ಳೋಣ. ಪರೀಕ್ಷೆ ಬಹಳ ಒಳ್ಳೆಯದು, ರೋಗ ಇದ್ದವರಲ್ಲೂ ಇಲ್ಲದವರಲ್ಲೂ ನೂರಕ್ಕೆ ತೊಂಬತ್ತು ಸಲ ಸರಿ ಹೇಳುತ್ತದೆ ಎಂದುಕೊಳ್ಳೋಣ. ಐದರಲ್ಲಿ ನಾಲ್ಕೈದು ಮಂದಿ ಸಿಗುತ್ತಾರೆ. ಉಳಿದ 9,995 ಮಂದಿಯಲ್ಲಿ ಸುಮಾರು ಸಾವಿರ ಜನರಿಗೆ ಇಲ್ಲದ ಕ್ಯಾನ್ಸರಿನ ಭಯ ಅಂಟುತ್ತದೆ. ಆ ಸಾವಿರ ಜನರಿಗೂ ಮೂತ್ರದ್ವಾರದಿಂದ ದುರ್ಬೀನು ಹಾಕಿ ನೋಡಬೇಕು. ಬೇಸಿಗೆಯಲ್ಲಿ ಕಬ್ಬಿನ ಗದ್ದೆಯಲ್ಲಿ ಬೆವರು ಸುರಿಸಿ ನೀರು ಕುಡಿಯದೆ ಕಲ್ಲು ಕಟ್ಟಿಕೊಂಡವರು, ಪ್ರೊಸ್ಟೇಟ್ ದಪ್ಪಗಾದ ಮುದುಕರು, ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು, ಇವರೆಲ್ಲರ ಮೂತ್ರದಲ್ಲೂ ಬಿಳಿ ಕಣಗಳು ಬೇರೆ ಬೇರೆ ಕಾರಣಕ್ಕೆ ಇರುತ್ತವೆ. ಆದ್ದರಿಂದ ರೋಗನಿರೋಧಕ ಕಣವನ್ನು ಸುಳಿವಾಗಿ ಇಟ್ಟುಕೊಂಡ ಪರೀಕ್ಷೆ ಊರ ಶಿಬಿರದಲ್ಲಿ ಬೇರೆಲ್ಲಾ ಪರೀಕ್ಷೆಗಳಿಗಿಂತ ಹೆಚ್ಚು ಎಡವುತ್ತದೆ.

ಹಾಗಾದರೆ ಅದರ ಜಾಗ ಎಲ್ಲಿ? ರೋಗ ಈಗಾಗಲೇ ಪತ್ತೆಯಾಗಿ ಚಿಕಿತ್ಸೆಯಲ್ಲಿರುವ ರೋಗಿಯ ಬಳಿ. ಮೂತ್ರಕೋಶದ ಕ್ಯಾನ್ಸರ್ ಮರಳಿ ಮರಳಿ ಬರುವ ರೋಗ. ಮೇಲ್ಪದರದಲ್ಲಷ್ಟೇ ಇದ್ದ ಗಡ್ಡೆಯನ್ನು ಕೆರೆದು ತೆಗೆದ ಮೇಲೂ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಅದು ಮತ್ತೆ ಹುಟ್ಟುತ್ತದೆ. ಅಪಾಯ ಹೆಚ್ಚಿದ್ದವರಿಗೆ ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ ದುರ್ಬೀನು ತಪಾಸಣೆ, ಆಮೇಲೂ ವರ್ಷಾನುಗಟ್ಟಲೆ. ಭೋಜದಿಂದ ಬೆಳಗಾವಿ, ಕೊಲ್ಲಾಪುರ ಅಥವಾ ಮಿರಜಕ್ಕೆ ಅಷ್ಟು ಸಲ ಹೋಗಬೇಕಾದ ಕೂಲಿಯವನ ಸ್ಥಿತಿ ನೆನೆಸಿಕೊಳ್ಳಿ. ಒಂದು ದಿನದ ಪಗಾರ ಹೋಯಿತು, ಜೊತೆಗೆ ಬಂದ ಮಗನದೂ ಹೋಯಿತು, ಮೇಲೆ ಎರಡು ದಿನ ಉರಿ. ಗಡ್ಡೆ ತೆಗೆಸಿಕೊಂಡು ‘ಆರಾಮ ಅದೀನಿ’ ಎಂದವನು ಇನ್ನೊಂದು ಸಲ ಯಾಕೆ ಹೋದಾನು?

ಇಲ್ಲಿ ಬಿಸಿಜಿಯ ವಿಷಯಕ್ಕೆ ಬರುತ್ತೇನೆ. ಮಕ್ಕಳ ತೋಳಿಗೆ ಹಾಕುವ ಅದೇ ಕ್ಷಯದ ಲಸಿಕೆಯನ್ನು ಮೂತ್ರಕೋಶದೊಳಗೆ ಸುರಿದರೆ ಗಡ್ಡೆ ಮರುಕಳಿಸುವುದು ಕಡಿಮೆಯಾಗುತ್ತದೆ ಎಂದು ಕೆನಡಾದ ಆಲ್ವಾರೊ ಮೊರಾಲೆಸ್ 1976ರಲ್ಲಿ ಒಂಬತ್ತು ರೋಗಿಗಳ ಮೇಲಿನ ಕೆಲಸದಿಂದ ತೋರಿಸಿದರು. ಅರ್ಧ ಶತಮಾನವಾದರೂ ಅದಕ್ಕೆ ಸಮನಾದ ಬದಲಿ ಸುಲಭಕ್ಕೆ ಸಿಕ್ಕಿಲ್ಲ. ನಮ್ಮ ದೇಶದಲ್ಲಿ ಈ ಔಷಧವನ್ನು ನಿಪ್ಪಾಣಿಯ ಮೇಲೆ ಹಾದುಹೋಗುವ ಹೆದ್ದಾರಿಯ ಆ ತುದಿಯ ಪುಣೆಯಲ್ಲೇ, ಸೀರಂ ಇನ್‌ಸ್ಟಿಟ್ಯೂಟಿನಲ್ಲಿ, ತಯಾರಿಸುತ್ತಾರೆ. ವಾರಕ್ಕೊಂದರಂತೆ ಆರು ವಾರ. ನಳಿಗೆಯಿಂದ ಔಷಧ ಒಳಗೆ ಬಿಟ್ಟು ಎರಡು ತಾಸು ಮೂತ್ರ ಹಿಡಿದುಕೊಳ್ಳಬೇಕು. ಬಿಸಿಜಿ ತಾನಾಗಿ ಕ್ಯಾನ್ಸರನ್ನು ಕೊಲ್ಲುವುದಕ್ಕಿಂತ ಹೆಚ್ಚಾಗಿ ರೋಗನಿರೋಧಕ ಕಣಗಳನ್ನು ಅಲ್ಲಿಗೆ ಎಳೆತರುತ್ತದೆ. ಕೆಲವೇ ತಾಸುಗಳಲ್ಲಿ ನ್ಯೂಟ್ರೋಫಿಲ್‌ಗಳು, ಆಮೇಲೆ ಮ್ಯಾಕ್ರೋಫೇಜ್‌ಗಳು, ವಾರಗಳು ಕಳೆದಂತೆ ಟಿ-ಕಣಗಳು ಮೂತ್ರದಲ್ಲಿ ಇಳಿಯತೊಡಗುತ್ತವೆ.

ಈ ರೋಗಿ ಊರಿಗೆ ಬಂದು ಉರಿಯಾಗುತ್ತದೆ ಎಂದು ಹತ್ತಿರದ ಲ್ಯಾಬಿಗೆ ಹೋದರೆ ರಿಪೋರ್ಟಿನಲ್ಲಿ ಪಸ್ ಸೆಲ್ಸ್ ತುಂಬಿಕೊಂಡಿರುತ್ತವೆ. ಅದು ಚಿಕಿತ್ಸೆ ನಡೆಯುತ್ತಿರುವ ಗುರುತು. ಅದನ್ನು ಸೋಂಕೆಂದು ಓದಿ ಆಫ್ಲೊಕ್ಸಾಸಿನ್‌ನಂಥ ಗುಳಿಗೆ ಕೊಟ್ಟರೆ, ಆ ಗುಂಪಿನ ಔಷಧಗಳಿಗೆ ಬಿಸಿಜಿಯ ಜೀವಾಣು ತಾನೂ ಬಗ್ಗುವುದರಿಂದ, ಕಷ್ಟಪಟ್ಟು ಪಡೆದ ಚಿಕಿತ್ಸೆಯೇ ದುರ್ಬಲವಾಗಬಹುದು. ಜ್ವರ ಏರಿದರೆ, ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆದರೆ ಮಾತು ಬೇರೆ. ಆಗ ತಡ ಮಾಡದೆ ಚಿಕಿತ್ಸೆ ಬೇಕೇ ಬೇಕು. ಆದರೆ ಬಿಸಿಜಿ ಪಡೆಯುತ್ತಿರುವ ಪ್ರತಿ ರೋಗಿಯ ಕೈಯಲ್ಲೂ ಕನ್ನಡದಲ್ಲಿ, ಮರಾಠಿಯಲ್ಲಿ ಬರೆದ ಒಂದು ಕಾರ್ಡು ಇರಬೇಕು: ‘ನನ್ನ ಮೂತ್ರಕೋಶಕ್ಕೆ ಬಿಸಿಜಿ ಹಾಕಿದ್ದಾರೆ, ಪಸ್ ಸೆಲ್ ಹೆಚ್ಚಿರುವುದು ಸಹಜ, ಆ್ಯಂಟಿಬಯಾಟಿಕ್ ಕೊಡುವ ಮುನ್ನ ನನ್ನ ಯುರಾಲಜಿಸ್ಟರಿಗೆ ಫೋನ್ ಮಾಡಿ.’ ಇದಕ್ಕೆ ಯಾವ ಹೊಸ ಯಂತ್ರವೂ ಬೇಕಾಗಿಲ್ಲ.

ಬಿಸಿಜಿ ಎಲ್ಲರಿಗೂ ಫಲಿಸುವುದಿಲ್ಲ. ಮೂವರಲ್ಲಿ ಒಬ್ಬರಿಗಾದರೂ ಅದು ಕೈಕೊಡುತ್ತದೆ, ಉಗ್ರ ಗಡ್ಡೆಯಾಗಿದ್ದರೆ ಆಗ ಮೂತ್ರಕೋಶವನ್ನೇ ತೆಗೆಯುವ ಮಾತು ಬರುತ್ತದೆ. ಫಲಿಸುತ್ತದೋ ಇಲ್ಲವೋ ಎಂದು ಮುಂಚಿತವಾಗಿ ಮೂತ್ರವೇ ಹೇಳಿದರೆ? ಹೂಸ್ಟನ್ನಿನ ಎಂ.ಡಿ. ಆ್ಯಂಡರ್ಸನ್ ಕ್ಯಾನ್ಸರ್ ಕೇಂದ್ರದವರು 2016ರಲ್ಲಿ ಬಿಸಿಜಿಯ ನಂತರ ಮೂತ್ರದಲ್ಲಿ ಏರುವ ಒಂಬತ್ತು ಸೈಟೊಕೈನ್‌ಗಳನ್ನು, ಅಂದರೆ ರೋಗನಿರೋಧಕ ಕಣಗಳು ಒಂದಕ್ಕೊಂದು ಕಳಿಸುವ ರಾಸಾಯನಿಕ ಸಂದೇಶಗಳನ್ನು, ಅಳೆದು ಯಾರಲ್ಲಿ ರೋಗ ಮರುಕಳಿಸುತ್ತದೆ ಎಂದು ಅಂದಾಜಿಸುವ ಒಂದು ಮಾದರಿ ಕೊಟ್ಟರು. ಸ್ನಾಯುವಿಗೆ ಇಳಿದು ಹರಡಿದ ರೋಗಕ್ಕೆ ಪಿಡಿ-1ರ ಬ್ರೇಕನ್ನು ಬಿಡಿಸುವ ಔಷಧಗಳಿವೆ. ಒಂದೊಂದು ಡೋಸಿನ ಬೆಲೆಯಲ್ಲಿ ಒಂದು ಮನೆ ಸಾಲಕ್ಕೆ ಬೀಳುತ್ತದೆ, ಆದರೆ ಒಂಟಿಯಾಗಿ ಕೊಟ್ಟಾಗ ಗಡ್ಡೆ ಕುಗ್ಗುವುದು ಸುಮಾರು ಐವರಲ್ಲಿ ಒಬ್ಬರಿಗೆ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು ತಲೆ–ಕತ್ತಿನ ಕ್ಯಾನ್ಸರಿನಲ್ಲಿ ನಿವೊಲುಮ್ಯಾಬ್ ಎಂಬ ಇಂಥದೇ ಔಷಧವನ್ನು ಬರೀ 20 ಮಿಲಿಗ್ರಾಮಿನಷ್ಟು, ಮಾಮೂಲಿ ಪ್ರಮಾಣದ ಹತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ, ಕೊಟ್ಟು ಪ್ರಯೋಜನ ತೋರಿಸಿದ್ದಾರೆ. ಬಡ ರೋಗಿಯ ಪರವಾಗಿ ಯೋಚಿಸಿದಾಗ ನಮ್ಮ ದೇಶದ ಸಂಶೋಧನೆ ಎಂಥ ಪ್ರಶ್ನೆ ಕೇಳಬಲ್ಲದು ಎಂಬುದಕ್ಕೆ ಅದು ಉದಾಹರಣೆ. ಮೂತ್ರದ ಟಿ-ಕಣ ನೋಡಿ ಯಾರಿಗೆ ಈ ಔಷಧ ನಾಟುತ್ತದೆ ಎಂದು ತಿಳಿಯುವುದೂ ಅದೇ ಸಾಲಿನ ಪ್ರಶ್ನೆ. ಶ್ರೀಮಂತ ದೇಶದಲ್ಲಿ ಅದರಿಂದ ವಿಮಾ ಕಂಪನಿಯ ಹಣ ಉಳಿದರೆ ಇಲ್ಲಿ ಒಂದು ಎಕರೆ ಹೊಲ ಉಳಿಯುತ್ತದೆ.

ತೊಡಕು ದೊಡ್ಡದಿದೆ. ಮೂತ್ರ ಕಣಗಳಿಗೆ ಒಗ್ಗುವ ಜಾಗವಲ್ಲ. ಅದರ ಆಮ್ಲ, ಉಪ್ಪು, ಯೂರಿಯಾಗಳ ನಡುವೆ ಅವು ಬೇಗ ಸಾಯುತ್ತವೆ. ಹಾಗೇ ಇಟ್ಟ ಡಬ್ಬಿಯಲ್ಲಿ ಎರಡು–ಮೂರು ತಾಸಿನೊಳಗೆ ನ್ಯೂಟ್ರೋಫಿಲ್‌ಗಳಲ್ಲಿ ಅರ್ಧದಷ್ಟು ಒಡೆದುಹೋಗಬಹುದು. ಕಣಗಳ ಆಕಾರ ನೋಡುವ ಪರೀಕ್ಷೆಗೆ ರಾತ್ರಿಯಿಡೀ ಕೋಶದಲ್ಲಿ ನಿಂತ ಮುಂಜಾನೆಯ ಮೊದಲ ಮೂತ್ರ ಒಳ್ಳೆಯದಲ್ಲ ಎಂಬುದೂ ಇದೇ ಕಾರಣಕ್ಕೆ, ಆದರೂ ‘ಮುಂಜಾನೆದ್ದ ತರ್ರಿ’ ಎಂದೇ ನಾವು ಕೇಳುತ್ತ ಬಂದಿದ್ದೇವೆ. ಟಿ-ಕಣದ ಮೇಲಿನ ಪಿಡಿ-1 ಅಳೆಯಲು ಫ್ಲೋ ಸೈಟೋಮೀಟರ್ ಬೇಕು, ಅದು ತಾಲ್ಲೂಕಿನ ಮಟ್ಟದಲ್ಲಿ ಸಿಗುವ ಯಂತ್ರವಲ್ಲ. ಜುಲೈ–ಆಗಸ್ಟಿನಲ್ಲಿ ದೂಧಗಂಗೆ, ವೇದಗಂಗೆ ಉಕ್ಕಿ ಕಾರದಗಾ–ಭೋಜ, ಭೋಜವಾಡಿ–ಕುನ್ನೂರ ಸೇತುವೆಗಳು ನೀರಡಿ ಹೋದಾಗ ಇಲ್ಲಿಂದ ಮನುಷ್ಯರೇ ಸುತ್ತು ಹಾಕಿ ಹೋಗಬೇಕು, ಡಬ್ಬಿ ಹೊತ್ತಿಗೆ ತಲುಪುವುದು ದೂರದ ಮಾತು. ಆದ್ದರಿಂದ ಕಣಗಳನ್ನು ತೆಗೆದುಕೊಂಡ ಕೂಡಲೇ ಕಾಪಿಡುವ ದ್ರಾವಣ ತುಂಬಿದ ಕೊಳವೆ ಇಲ್ಲದೆ, ನಮ್ಮ ಬಿಸಿಲಿನಲ್ಲಿ, ನಮ್ಮ ದೂರದಲ್ಲಿ ಅದು ಕೆಲಸ ಮಾಡುತ್ತದೆ ಎಂದು ಪರಖಿಸಿ ನೋಡದೆ, ಲಂಡನ್ನಿನ ಫಲಿತಾಂಶ ನಿಪ್ಪಾಣಿಗೆ ಬರುವುದಿಲ್ಲ. ಆ ಪರೀಕ್ಷೆ ಇಲ್ಲಿನ ರೋಗಿಗಳ ಮೇಲೆಯೇ ನಡೆಯಬೇಕು. ಕ್ಷಯ ಹೆಚ್ಚಿರುವ, ಕಲ್ಲು ಹೆಚ್ಚಿರುವ ಜನರ ಮೂತ್ರದ ಬಿಳಿ ಕಣಗಳ ಚಿತ್ರ ಯುರೋಪಿನವರ ಚಿತ್ರದಂತೆಯೇ ಇರುತ್ತದೆ ಎಂದು ನಂಬಲು ಕಾರಣವಿಲ್ಲ.

ಹಳ್ಳಿಯಲ್ಲಿ ದುರ್ಬೀನು ತಪಾಸಣೆಗೇ ದಾರಿ ಇಲ್ಲದಿರುವಾಗ ಟಿ-ಕಣದ ಮಾತು ಯಾಕೆ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಯನ್ನು ನಾನು ಗೌರವಿಸುತ್ತೇನೆ. ಮೊದಲು ಆಗಬೇಕಾದದ್ದು ಅದೇ, ಅದರಲ್ಲಿ ನನಗೆ ಸಂಶಯವಿಲ್ಲ. ನಲವತ್ತು ದಾಟಿದ ಯಾರಿಗೇ ಆಗಲಿ, ಬೀಡಿ ಸೇದಲಿ ಬಿಡಲಿ, ಒಮ್ಮೆ ಕಣ್ಣಿಗೆ ಕಾಣುವ ರಕ್ತ ಮೂತ್ರದಲ್ಲಿ ಹೋದರೆ ಸೊನೋಗ್ರಾಫಿ ಮತ್ತು ದುರ್ಬೀನು ತಪಾಸಣೆ ಆಗಬೇಕು, ರಕ್ತ ನಿಂತಿದೆ ಎಂಬುದು ಅದನ್ನು ಕೈಬಿಡಲು ಕಾರಣವಾಗಬಾರದು. ಸೊನೋಗ್ರಾಫಿ ಸರಿ ಬಂದರೂ ಸಣ್ಣ, ಚಪ್ಪಟೆ ಗಡ್ಡೆ ಅದಕ್ಕೆ ಸಿಗದೆ ಉಳಿಯಬಹುದು, ಹಾಗಾಗಿ ಅಲ್ಲಿಗೇ ನಿಲ್ಲಿಸುವಂತಿಲ್ಲ. ಪಸ್ ಸೆಲ್ ಹೆಚ್ಚಿದ್ದು, ಗುಳಿಗೆ ಮುಗಿದ ಮೇಲೂ ಇಳಿಯದಿದ್ದರೆ ಎರಡನೇ ಗುಳಿಗೆ ಬರೆಯುವ ಮುಂಚೆ ಕಲ್ಚರ್ ಮಾಡಿಸಬೇಕು. ಅದರಲ್ಲಿ ಏನೂ ಬೆಳೆಯದಿದ್ದರೆ ಯುರಾಲಜಿಸ್ಟರ ಬಳಿಗೆ ಚೀಟಿ ಬರೆಯಬೇಕು. ರಿಪೋರ್ಟಿನ ಹಾಳೆಯಲ್ಲಿ ವಯಸ್ಸು, ಲಿಂಗದ ಪಕ್ಕದಲ್ಲಿ ‘ಬೀಡಿ, ಸಿಗರೇಟು ಎಷ್ಟು ವರ್ಷ’ ಎಂಬ ಒಂದು ಖಾನೆ ಸೇರಿಸಲು ಲ್ಯಾಬಿಗೆ ಖರ್ಚೇನೂ ಬರುವುದಿಲ್ಲ, ಓದುವ ವೈದ್ಯರ ಕಣ್ಣು ಮಾತ್ರ ಬೇರೆ ಕಡೆ ತಿರುಗುತ್ತದೆ. ಇಷ್ಟನ್ನು ಮಾಡುತ್ತಲೇ ಬೆಳಗಾವಿ, ಹುಬ್ಬಳ್ಳಿ, ಕೊಲ್ಲಾಪುರದ ಯುರಾಲಜಿ ವಿಭಾಗಗಳು ಬಿಸಿಜಿ ಪಡೆಯುತ್ತಿರುವ ತಮ್ಮ ರೋಗಿಗಳ ಮೂತ್ರವನ್ನು, ಅವರ ಒಪ್ಪಿಗೆ ಪಡೆದು, ಪ್ರತಿ ಡೋಸಿನ ಮುಂಚೆ ಮತ್ತು ನಂತರ ಕಾಪಿಡಲು ಶುರು ಮಾಡಬೇಕು. ರೋಗಿ ಹೇಗಿದ್ದರೂ ಆ ದಿನ ಆಸ್ಪತ್ರೆಯಲ್ಲೇ ಇರುತ್ತಾನೆ, ಮೂತ್ರವೂ ತಾಜಾ ಸಿಗುತ್ತದೆ, ಮುಂದಿನ ದುರ್ಬೀನು ತಪಾಸಣೆಯ ಫಲಿತಾಂಶವೂ ಅದೇ ಕಡತದಲ್ಲಿ ಬಂದು ಸೇರುತ್ತದೆ. ಎರಡನ್ನೂ ಹೋಲಿಸಿ ನೋಡುವ ಕೆಲಸಕ್ಕೆ ಇದಕ್ಕಿಂತ ಅನುಕೂಲವಾದ ಜಾಗ ಮತ್ತೊಂದಿಲ್ಲ.